ಕೊಟ್ಟಿಗೆಗೂ ಬಾಡಿಗೆ

ದನದ ಕೊಟ್ಟಿಗೆಯಲ್ಲಿ ಮಲಗಲು ದುಡ್ಡು ಕೊಟ್ಟವರನ್ನು ನೀವು ಕಂಡಿದ್ದೀರಾ? ಇಲ್ಲವಾದರೆ ನಮ್ಮ ಬಳಗದ ಮುಂದಿನ ಸಭೆಗೆ ಬಂದು ನನ್ನ ಮುಖ ನೋಡಿ ಹೋಗಿ. ದುಡ್ಡು ಕೊಟ್ಟದ್ದು ಭಾವ, ಮಲಗಿದ್ದು ನಾನು. ಅಷ್ಟೇ ವ್ಯತ್ಯಾಸ.

ಅಕ್ಕ-ಭಾವ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾರೆ. ರಜೆಗೆಂದು ಹೋದ ನನ್ನನ್ನು ಜೂನ್ ತಿಂಗಳಲ್ಲಿ ನಾಲ್ಕು ದಿನ ಯಾರ್ಕ್‌ಶೈರಿನ ಸ್ವೇಲ್‌ಡೇಲ್ ಎಂಬ ಕಣಿವೆಗೆ ಕರೆದೊಯ್ದರು. ಕೆಳಗೆ ಹೊಳೆ, ಹೊಳೆಯ ಎರಡೂ ಕಡೆ ಕಲ್ಲುಗೋಡೆ ಕಟ್ಟಿದ ಹುಲ್ಲಿನ ಹೊಲ, ಮೇಲೆ ಮರವಿಲ್ಲದ ಬೋಳು ಗುಡ್ಡ. ಆ ಗುಡ್ಡಕ್ಕೆ ಅವರು ‘ಮೂರ್’ ಅಂತಾರೆ. ಕಾಲಿಟ್ಟರೆ ಕರಿ ಮಣ್ಣು ಪಚಪಚ ಅನ್ನುತ್ತದೆ. ಹೆದರ್ ಎಂಬ ಕುರುಚಲು ಗಿಡ ಆಗಸ್ಟಿನಲ್ಲಿ ಗುಡ್ಡಕ್ಕೆಲ್ಲ ನೇರಳೆ ಬಣ್ಣ ಬಳಿಯುತ್ತದೆ. ನಮ್ಮ ಪಾಲಿಗೆ ಬಂದದ್ದು ಬರೀ ಕಂದು, ಕರಿಮುಖದ ಕುರಿಗಳು, ರಾತ್ರಿ ಹತ್ತಕ್ಕೂ ಆರದ ಬೆಳಕು.

ನಾವು ಇಳಿದ ಮನೆ ಹಿಂದೆ ಬಾರ್ನ್ ಆಗಿತ್ತು. ಆ ಕಣಿವೆಯಲ್ಲಿ ಹೊಲಕ್ಕೊಂದು ಅನ್ನುವಷ್ಟು ಇಂಥ ಕಲ್ಲಿನ ಕೊಟ್ಟಿಗೆಗಳಿವೆ. ಲೆಕ್ಕ ಸರಳ. ಬೇಸಿಗೆಯಲ್ಲಿ ಕೊಯ್ದ ಹುಲ್ಲು ಅಟ್ಟದ ಮೇಲೆ, ಚಳಿಗಾಲಕ್ಕೆ ನಾಲ್ಕಾರು ದನ ಕೆಳಗೆ, ಕೊನೆಗೆ ಸಗಣಿಗೊಬ್ಬರ ಅದೇ ಹೊಲಕ್ಕೆ. ಹುಲ್ಲನ್ನೂ ಗೊಬ್ಬರವನ್ನೂ ದೂರ ಹೊರುವ ಕೆಲಸವಿಲ್ಲ. ತಿರುಗಾಡಬೇಕಾದವನು ರೈತ ಮಾತ್ರ, ದಿನಕ್ಕೆರಡು ಸಲ, ಹಿಮದಲ್ಲಿ. ಈಗ ದನ ನಿಂತಿದ್ದಲ್ಲಿ ಸೋಫಾ, ಹುಲ್ಲಿನ ಅಟ್ಟದಲ್ಲಿ ಮಂಚ.

ಮೊದಲ ರಾತ್ರಿ ನನಗೆ ನಗು ಬಂತು. ಆಮೇಲೆ ನಾಚಿಕೆ. ಧಾರವಾಡದ ಕಡೆಯ ನಮ್ಮೂರ ಮನೆಯಲ್ಲೂ ಹೊಸ್ತಿಲು ದಾಟಿದರೆ ಮೊದಲು ಗೋದಲಿ, ದನ. ಎತ್ತರದ ಕಟ್ಟೆಯ ಮೇಲೆ ಮಂದಿ. ಪುಣೆಯ ಶಾಲೆಯಲ್ಲಿ ಈ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಅದೇ ನಾನು ಇಲ್ಲಿ ಪರದೇಶದ ಕೊಟ್ಟಿಗೆಯ ತೊಲೆಗಳ ಫೋಟೋ ಹೊಡೆಯುತ್ತಾ ಕೂತಿದ್ದೆ!

ಮೂರನೆಯ ದಿನ ಮನೆಯೊಡತಿ ಕೋಳಿಮೊಟ್ಟೆ ತಂದುಕೊಟ್ಟಳು. ವಯಸ್ಸಾದ ರೈತ ಹೆಂಗಸು. 2001ರಲ್ಲಿ ಕಾಲುಬಾಯಿ ರೋಗ ಬಂದು ಬ್ರಿಟನ್ನಿನಲ್ಲಿ 60 ಲಕ್ಷಕ್ಕೂ ಹೆಚ್ಚು ದನ-ಕುರಿ-ಹಂದಿಗಳನ್ನು ಕೊಂದರಲ್ಲ, ಆ ಮೇಲೆ ಇವರು ದನ ಸಾಕುವುದನ್ನು ಬಿಟ್ಟು ಕುರಿಗಷ್ಟೇ ನಿಂತರಂತೆ. ಖಾಲಿ ಬಿದ್ದ ಕೊಟ್ಟಿಗೆಯ ಮಾಡು ಕುಸಿಯತೊಡಗಿತು. ಅದನ್ನು ಎತ್ತಿ ನಿಲ್ಲಿಸಿದ್ದು ನಮ್ಮಂಥವರ ಬಾಡಿಗೆ. ಇಷ್ಟು ಹೇಳಿ ಆಕೆ ಸುಮ್ಮನಿದ್ದಿದ್ದರೆ ಕಥೆ ಸುಖಾಂತ. ಆದರೆ ಮಾತು ಮುಂದುವರಿಯಿತು: ಮಗನಿಗೆ ಇದೇ ಊರಲ್ಲಿ ಮನೆ ಕೊಳ್ಳುವ ಶಕ್ತಿ ಇಲ್ಲ, ದೂರದ ಪೇಟೆಯಲ್ಲಿದ್ದಾನೆ. ಚಳಿಗಾಲದಲ್ಲಿ ಸಂಜೆಯಾದರೆ ಎಷ್ಟೋ ಕಿಟಕಿಗಳಲ್ಲಿ ದೀಪವೇ ಇಲ್ಲ.

ನನ್ನ ಅಭಿಪ್ರಾಯ ಇಷ್ಟು. ಕೊಟ್ಟಿಗೆ ಅತಿಥಿಗೃಹವಾದರೆ ಸಂಸ್ಕೃತಿ ಮುಳುಗಿತು ಎಂದು ಬೊಬ್ಬೆ ಹಾಕುವವರ ಜತೆ ನಾನಿಲ್ಲ. ಬಳಕೆ ತಪ್ಪಿದ ಮಾಡು ಬಿದ್ದೇ ಬೀಳುತ್ತದೆ. ಆದರೆ ಬಾಡಿಗೆ ಯಾರ ಕೈ ಸೇರುತ್ತದೆ, ಮಾಡಿನ ಕೆಳಗಿನ ದೀಪ ವರ್ಷದಲ್ಲಿ ಎಷ್ಟು ದಿನ ಉರಿಯುತ್ತದೆ, ಇದನ್ನು ಕೇಳದೆ ‘ಅಭಿವೃದ್ಧಿ’ ಅನ್ನುವವರ ಜತೆಗೂ ಇಲ್ಲ. ಅಲ್ಲಿನವರು ಕೇಳುತ್ತಿದ್ದಾರೆ. ಕೃಷಿ ಕಟ್ಟಡವನ್ನು ಪೂರ್ತಿ ಪರವಾನಗಿಯಿಲ್ಲದೆ ಮನೆ ಮಾಡಿಕೊಳ್ಳಲು ಇಂಗ್ಲೆಂಡಿನಲ್ಲಿ 2014ರಲ್ಲಿ ದಾರಿ ಬಿಟ್ಟಾಗ, ಈ ಕಣಿವೆಯಂಥ ರಾಷ್ಟ್ರೀಯ ಉದ್ಯಾನಗಳನ್ನು ಅದರಿಂದ ಹೊರಗಿಟ್ಟರು. 2025ರ ಏಪ್ರಿಲ್‌ನಿಂದ ನಾರ್ತ್ ಯಾರ್ಕ್‌ಶೈರ್ ಕೌನ್ಸಿಲ್ ‘ಎರಡನೇ ಮನೆ’ಗಳ ತೆರಿಗೆಯನ್ನು ಇಮ್ಮಡಿ ಮಾಡಿತು. ಬೀಗ ಹಾಕಿ ಹೋಗುವ ಚಟಕ್ಕೆ ಬೆಲೆ ಕಟ್ಟಬೇಕೆಂಬುದು ನ್ಯಾಯದ ಮಾತು.

ಆ ಚಟ ನಮಗಿಲ್ಲವೆ? ಅಜ್ಜಿ ಹೋದ ಮೇಲೆ ನಮ್ಮೂರ ಮನೆಗೂ ಬೀಗ. ಈಗ ರೆಸಾರ್ಟ್ ಮಾಡುವವರೊಬ್ಬರು ಕೇಳುತ್ತಿದ್ದಾರೆ. ದೊಡ್ಡಪ್ಪನಿಗೆ ಮಾರುವ ಮನಸ್ಸು. ಮಾರುವುದು ಬೇಡ, ಮಾಡು ರಿಪೇರಿ ಮಾಡಿಸಿ, ಊರಲ್ಲೇ ಉಳಿದು ಒಕ್ಕಲುತನ ಮಾಡುವ ಕಾಕಾನ ಕೈಗೆ ಕೊಡೋಣ, ಬೇಕಾದರೆ ಎರಡು ಕೋಣೆ ಬಾಡಿಗೆಗೆ ಅವರೇ ಕೊಡಲಿ, ಬರುವ ದುಡ್ಡು ಊರಲ್ಲೇ ಉಳಿಯಲಿ ಎಂದು ನಾನು ವಾದಿಸಿದೆ. ಅಪ್ಪ ಪೇಪರು ಕೆಳಗಿಳಿಸಿ ಒಂದೇ ಮಾತು ಕೇಳಿದರು: “ಎಲ್ಲಾ ಖರೆ. ನೀ ಹೋಗಿ ಅಲ್ಲಿ ಇರ್ತಿ ಏನು?”

ನನಗೆ ಉತ್ತರ ಹೊಳೆಯಲಿಲ್ಲ. ಈ ಲೇಖನ ಬರೆಯುವಾಗಲೂ ಹೊಳೆದಿಲ್ಲ. ಆದರೆ ಮುಂದಿನ ರಜೆಗೆ ಹೋಗಿ ಬೀಗ ತೆಗೆದು ಒಂದು ತಿಂಗಳು ಇದ್ದು ಬರುತ್ತೇನೆ ಎಂದು ಹೇಳಿಬಿಟ್ಟಿದ್ದೇನೆ. ಅಲ್ಲಿಯವರೆಗೆ ಮಾರಾಟದ ಮಾತಿಲ್ಲ. ಗೆಳೆಯರೇ, ನಿಮ್ಮೂರ ಮನೆಯ ಕೀಲಿ ಈಗ ಯಾರ ಹತ್ತಿರ ಇದೆ? ಇವತ್ತು ಊಟಕ್ಕೆ ಕೂತಾಗ ಒಮ್ಮೆ ಕೇಳಿ ನೋಡಿ.