ಬಿಸಿಲ ಹಾದಿಗೆ ತಕ್ಕ ಉಡುಪು

ಯುಗಾದಿಗೆ ಮುನ್ನ ಶ್ರೀಶೈಲ ಮಲ್ಲಿಕಾರ್ಜುನನ ದರ್ಶನಕ್ಕಾಗಿ ಉತ್ತರ ಕರ್ನಾಟಕದ ಭಕ್ತರು ಕಂಬಿ ಹೊತ್ತು ಕಾಲ್ನಡಿಗೆಯಲ್ಲಿ ಸಾಗುವ ಪರಂಪರೆ ಸದ್ಭಕ್ತರೆಲ್ಲರಿಗೂ ವಿದಿತವಾದುದೇ. ಸಾಲಗುಂದದಂತಹ ಸಿಂಧನೂರು ಸೀಮೆಯ ಮನೆಗಳಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಹಾಸುವ ಕಂಬಳಿ ಎಲ್ಲವೂ ಗಂಟಿಗೆ ಸೇರುತ್ತವೆ. ಮೈಮೇಲೆ ಏನಿರಬೇಕೆಂಬ ವಿಚಾರ ಮಾತ್ರ ಹಿಂದುಳಿಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯು ನಮ್ಮ ಗದ್ದೆಗಳಿಗೆ ಹಸಿರನ್ನು ತಂದಿತೇ ಹೊರತು ಹಾದಿಗೆ ನೆರಳನ್ನು ತರಲಿಲ್ಲ.

ಬಿಸಿಲಿಗೆ ತೆಳುವಾದ ಬಿಳಿಯ ವಸ್ತ್ರವೇ ಶ್ರೇಷ್ಠವೆಂಬುದು ಸಾಮಾನ್ಯ ನಂಬಿಕೆ. ಇದು ಅರ್ಧಸತ್ಯ. ತೆಳು ಬಟ್ಟೆಯ ಮೂಲಕ ನೇರಳಾತೀತ ಕಿರಣಗಳು ಸಲೀಸಾಗಿ ಚರ್ಮವನ್ನು ಮುಟ್ಟುತ್ತವೆ. ಬೆವರಿನಿಂದ ತೊಯ್ದರೆ ಇನ್ನೂ ಹೆಚ್ಚು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬೇಕು; ಆಚೆಯದು ಕಂಡರೆ ಅದು ಹಾದಿಗೆ ಸಲ್ಲದು. ಒತ್ತಾದ ನೇಯ್ಗೆಯ, ಸಡಿಲವಾದ, ತುಂಬುತೋಳಿನ ಹತ್ತಿಯ ಅಂಗಿಯೇ ಯೋಗ್ಯ. ಬಣ್ಣ ಗಾಢವಾಗಿದ್ದರೂ ಅಂಜಬೇಕಾಗಿಲ್ಲ. ಸಿನಾಯ್ ಮರುಭೂಮಿಯ ಬೆದೂಯಿನ್ ಜನರು ಕಪ್ಪು ನಿಲುವಂಗಿ ತೊಡುವುದೇಕೆಂದು ಪರೀಕ್ಷಿಸಿದ ವಿಜ್ಞಾನಿಗಳ ಲೇಖನವೊಂದು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಪ್ಪು ವಸ್ತ್ರ ಹೆಚ್ಚು ಕಾವನ್ನು ಹೀರಿದರೂ, ಅಂಗಿ ಸಡಿಲವಾಗಿದ್ದುದರಿಂದ ಆ ಹೆಚ್ಚುವರಿ ಕಾವು ಮೈಗೆ ತಲುಪುವ ಮೊದಲೇ ಗಾಳಿಯೊಡನೆ ಹೊರಹೋಗುತ್ತಿತ್ತು. ಮೈಗಂಟಿದ ಉಡುಪಿಗೆ ಈ ಮಾತು ಅನ್ವಯಿಸದು.

ನಮ್ಮ ತಾಯಂದಿರು ಕಳೆ ತೆಗೆಯುವಾಗ ಸೀರೆಯ ಮೇಲೆ ಮನೆಯವರ ತುಂಬುತೋಳಿನ ಅಂಗಿ ತೊಡುವುದು ಯಾವ ವಿಜ್ಞಾನಕ್ಕೂ ಕಡಿಮೆಯಲ್ಲ. ಯಾತ್ರೆಯಲ್ಲಿ ಮಾತ್ರ ಅದಕ್ಕೇಕೆ ಸಂಕೋಚ? ರುಮಾಲು ನೆತ್ತಿಯನ್ನು ಕಾಯುತ್ತದೆ, ಕಿವಿ ಕೆನ್ನೆಗಳನ್ನಲ್ಲ. ಅದಕ್ಕೆ ಕೊಡೆಯೇ ಬೇಕು.

ಮಕ್ಕಳು ಪೇಟೆಯಿಂದ ತರುವ ಲೇಪನ ವ್ಯರ್ಥವೆಂದು ನಾನು ಹೇಳಲಾರೆ. ಎಸ್.ಪಿ.ಎಫ್. 30 ಅಥವಾ ಅದಕ್ಕೂ ಮೇಲ್ಪಟ್ಟದ್ದನ್ನು ಮುಖ ಮತ್ತು ಕತ್ತಿಗೆ ಎರಡು ಬೆರಳುದ್ದದಷ್ಟು ಹಚ್ಚಬೇಕು. ಎರಡು ಗಂಟೆಗೊಮ್ಮೆ, ಬೆವರಿದರೆ ಇನ್ನೂ ಬೇಗ ಮತ್ತೆ ಹಚ್ಚಬೇಕು. ಈ ಲೆಕ್ಕದಲ್ಲಿ ಕೊಳವೆ ಹಾದಿಯ ಮಧ್ಯದಲ್ಲಿಯೇ ಬರಿದಾದೀತು! ಆದುದರಿಂದ ಬಟ್ಟೆ ಮುಚ್ಚದ ಭಾಗಕ್ಕಷ್ಟೇ ಅದನ್ನು ಮೀಸಲಿಡುವುದು ಜಾಣತನ.

ಕೊಡೆ ಹಿಡಿದರೆ, ಮಧ್ಯಾಹ್ನ ತಂಗಿದರೆ ವ್ರತಕ್ಕೆ ಊನವೆಂದು ಭಾವಿಸುವ ಹಿರಿಯರಿದ್ದಾರೆ. ನಾನು ಇದನ್ನು ಒಪ್ಪಲಾರೆ. ಹರಕೆ ನಡೆಯುವುದಕ್ಕೆ, ಬೇಯುವುದಕ್ಕಲ್ಲ. ಗಡಿಯಾರ ಬೇಡ, ನೆರಳನ್ನು ನೋಡಿದರೆ ಸಾಕು. ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾದರೆ ಕಿರಣಗಳು ತೀಕ್ಷ್ಣವಾಗಿವೆ ಎಂದರ್ಥ. ಯುಗಾದಿಯ ಸುಮಾರಿಗೆ ನಮ್ಮಲ್ಲಿ ಅದು ಬೆಳಗಿನ ಒಂಬತ್ತೂವರೆಯಿಂದ ಮೂರೂವರೆಯವರೆಗಿನ ಅವಧಿ. ಅನಂತರವೂ ಡಾಂಬರಿನ ಕಾವು ಇಳಿದಿರುವುದಿಲ್ಲ. ಬರಿಗಾಲಿನ ಹರಕೆಯವರು ಮುಂಜಾವಿನಲ್ಲಿಯೇ ಹೆಚ್ಚು ದೂರ ಕ್ರಮಿಸಲಿ.

ಹಾದಿಬದಿಯಲ್ಲಿ ದಾಸೋಹ ನಡೆಸುವ ಬಂಧುಗಳಲ್ಲಿ ಒಂದು ವಿನಂತಿ. ಮಜ್ಜಿಗೆಯ ಜೊತೆಗೆ ನೆರಳನ್ನೂ ಬಡಿಸಿರಿ. ಯಾತ್ರಿಕನೊಬ್ಬ ಮೈಸುಡುತ್ತ, ಅಸಂಬದ್ಧವಾಗಿ ಮಾತನಾಡತೊಡಗಿದರೆ ಅದನ್ನು ದೈವಾವೇಶವೆಂದು ಕೈಮುಗಿಯದೆ, ಕೂಡಲೇ ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿರಿ. ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ನೀರು ಹಾಕಬೇಡಿರಿ.