ಸೂಜಿಯ ಮೂರು ದಾರಿಗಳು

ಶಿಕಾರಿಪುರ, ಸೊರಬಗಳ ಸೀಮೆಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ದು ಬಂದ ಗೃಹಸ್ಥರನ್ನು ಏನು ಚಿಕಿತ್ಸೆಯಾಯಿತೆಂದು ವಿಚಾರಿಸಿದರೆ ಎರಡೇ ಉತ್ತರಗಳು ದೊರೆಯುವುವು: “ಸೂಜಿ ಹಾಕಿದರು”, “ಗ್ಲೂಕೋಸ್ ಹಾಕಿದರು”. ಈ ಎರಡು ಮಾತುಗಳಲ್ಲಿ ಎಷ್ಟೋ ಭಿನ್ನವಾದ ಚಿಕಿತ್ಸೆಗಳು ಅಡಗಿಹೋಗುತ್ತವೆ. ರೋಗಿಯನ್ನು ತಾಲ್ಲೂಕು ಆಸ್ಪತ್ರೆಯಿಂದ ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆಗೆ ಸಾಗಿಸಬೇಕಾದಾಗ ಅಲ್ಲಿಯ ವೈದ್ಯರಿಗೆ ಬೇಕಾಗುವುದು ಆ ಭೇದಗಳೇ. ಆದಕಾರಣ ಈ ತಿಂಗಳು ಕೆಲವು ಶಬ್ದಗಳ ಅರ್ಥವನ್ನು ವಿಚಾರಿಸೋಣ.

ಸೂಜಿಮದ್ದಿಗೆ ಮುಖ್ಯವಾದ ದಾರಿಗಳು ಮೂರು. ಮೊದಲನೆಯದು ಚರ್ಮದ ಅಡಿಗೆ; ಮಧುಮೇಹಿಗಳು ತಾವೇ ತೆಗೆದುಕೊಳ್ಳುವ ಇನ್ಸುಲಿನ್ ಇದಕ್ಕೆ ಉದಾಹರಣೆ. ಎರಡನೆಯದು ತೋಳು, ತೊಡೆ ಮುಂತಾದ ಕಡೆ ಮಾಂಸಖಂಡದೊಳಕ್ಕೆ. ಚೀಟಿಯಲ್ಲಿ ಇದನ್ನು ಐ.ಎಂ. ಎಂದು ಬರೆಯುತ್ತಾರೆ. ಮೂರನೆಯದು ಸಿರೆಯೊಳಕ್ಕೆ, ಅದು ಐ.ವಿ. ಇಲ್ಲಿ ಮದ್ದು ನೇರವಾಗಿ ರಕ್ತವನ್ನು ಸೇರುವುದರಿಂದ ಬಹು ಶೀಘ್ರವಾಗಿ ಕೆಲಸಮಾಡುವುದು. ಸುಶ್ರುತಸಂಹಿತೆಯ ಸಿರಾವ್ಯಧವು ರಕ್ತವನ್ನು ಹೊರಕ್ಕೆ ತೆಗೆಯುವ ಕ್ರಿಯೆ. ಇದಾದರೋ ಔಷಧವನ್ನು ಒಳಕ್ಕೆ ಸೇರಿಸುವ ಕ್ರಿಯೆ. ‘ಸ್ಟಾಟ್’ ಎಂದು ಬರೆದಿದ್ದರೆ ಕೂಡಲೇ ಕೊಡತಕ್ಕದ್ದೆಂದು ಅರ್ಥ. ಲ್ಯಾಟಿನ್ ಶಬ್ದದ ಸಂಕ್ಷೇಪವಿದು.

ಇನ್ನು ತೂಗುಹಾಕುವ ಬಾಟಲಿ. 1832ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲಟ್ಟಾ ಎಂಬ ವೈದ್ಯರು ಕಾಲರಾ ರೋಗಿಗಳ ಸಿರೆಗೆ ಉಪ್ಪುನೀರನ್ನು ಸೇರಿಸಿ ಕೆಲವರನ್ನು ಬದುಕಿಸಿದರು. ಇಂದಿನ ‘ನಾರ್ಮಲ್ ಸಲೈನ್’ ಲೀಟರಿಗೆ 9 ಗ್ರಾಂ ಉಪ್ಪುಳ್ಳ ಶುದ್ಧ ದ್ರವ. ‘ರಿಂಗರ್ ಲ್ಯಾಕ್ಟೇಟ್’ ಅಥವಾ ಆರ್.ಎಲ್. ಎಂಬುದರಲ್ಲಿ ಉಪ್ಪಿನೊಡನೆ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಲ್ಯಾಕ್ಟೇಟ್‌ಗಳೂ ಇರುತ್ತವೆ. ನಿಜವಾದ ಗ್ಲೂಕೋಸ್ ಬಾಟಲಿಯ ಮೇಲೆ ‘ಡೆಕ್ಸ್‌ಟ್ರೋಸ್’ ಎಂದಿರುವುದು. ಶೇಕಡಾ 5ರ ಅರ್ಧ ಲೀಟರಿನಲ್ಲಿ ಸಕ್ಕರೆಯ ಅಂಶ 25 ಗ್ರಾಂ ಮಾತ್ರ. ಉಣ್ಣಲು ಶಕ್ತನಾದವನು ಬಲ ಬರಲೆಂದು ಇದನ್ನು ಬೇಡುವುದು ವ್ಯರ್ಥ. ದ್ರವವನ್ನು ಅಳತೆಯಂತೆ ಬೇಗನೆ ಹರಿಸುವುದಕ್ಕೆ ‘ಬೋಲಸ್’ ಎಂದೂ, ಹನಿಹನಿಯಾಗಿ ಬಿಡುವುದಕ್ಕೆ ‘ಡ್ರಿಪ್’ ಎಂದೂ ಹೆಸರು. ನಳಿಕೆಯ ಜಾತಿಗೆ ತಕ್ಕಂತೆ ಹನಿಯ ಗಾತ್ರ ಬೇರೆ. ಸೂಕ್ಷ್ಮ ನಳಿಕೆಯಲ್ಲಿ 60 ಹನಿಗಳು ಸೇರಿ 1 ಮಿಲಿಲೀಟರ್. ಬಾಟಲಿ ಬೇಗ ಮುಗಿಯಲೆಂದು ಬಂಧುಗಳು ನಳಿಕೆಯ ಚಕ್ರವನ್ನು ತಿರುಗಿಸಲಾಗದು. ಹೃದಯ, ಮೂತ್ರಪಿಂಡಗಳು ದುರ್ಬಲವಾದವರಿಗೆ ಅದು ಪ್ರಾಣಾಪಾಯ.

ಈ ಭೇದಗಳು ನಮ್ಮ ಸೀಮೆಗೆ ಎಷ್ಟು ಮುಖ್ಯವೆಂಬುದಕ್ಕೆ ಎರಡು ನಿದರ್ಶನಗಳುಂಟು. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದುದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣ್ಣೆಯ ಕಡಿತದಿಂದ ಬರುವ ಈ ಜ್ವರದ ವೈರಸ್ಸನ್ನು ಕೊಲ್ಲುವ ನಿಶ್ಚಿತ ಔಷಧವಿಲ್ಲ. ದೇಹದ ದ್ರವಾಂಶವನ್ನು ಕಾಪಾಡುವುದೇ ಚಿಕಿತ್ಸೆಯ ಮುಖ್ಯ ಭಾಗ. ಕೆಲವರಲ್ಲಿ ರಕ್ತಸ್ರಾವವಾಗುವುದುಂಟು. ಆಗ ಮಾಂಸಖಂಡಕ್ಕೆ ಸೂಜಿ ಚುಚ್ಚಿದರೆ ಒಳಗೇ ರಕ್ತ ಸೋರಿ ಬಾವು ಕಟ್ಟಬಹುದು. ಆದುದರಿಂದ ಜ್ವರ ಬಂದೊಡನೆ “ಒಂದು ಸೂಜಿ ಚುಚ್ಚಿಬಿಡಿ” ಎಂದು ಹಟಹಿಡಿಯುವುದೂ, ಆಸ್ಪಿರಿನ್‌ನಂತಹ ಮಾತ್ರೆಯನ್ನು ತಾನಾಗಿ ನುಂಗುವುದೂ ಸಲ್ಲದು.

ಎರಡನೆಯದು ಹಾವಿನ ಕಡಿತ. ಇದರ ಪ್ರತಿವಿಷವನ್ನು ಸಿರೆಯ ಮೂಲಕವೇ ಕೊಡತಕ್ಕದ್ದು, ಗಾಯದ ಸುತ್ತಲೂ ಚುಚ್ಚತಕ್ಕದ್ದಲ್ಲ. ಮಗುವಿಗೂ ದೊಡ್ಡವರಷ್ಟೇ ಪ್ರಮಾಣ ಬೇಕು. ಏಕೆಂದರೆ ಹಾವು ಮಗುವೆಂದು ವಿಷವನ್ನು ಕಡಮೆ ಮಾಡುವುದಿಲ್ಲ.

ರೋಗಿಯೊಡನೆ ಹೋಗುವವರು ಮದ್ದಿನ ಹೆಸರೇನು, ಪ್ರಮಾಣವೆಷ್ಟು, ಯಾವ ದಾರಿಯಿಂದ, ಎಷ್ಟು ಗಂಟೆಗೆ ಎಂಬ ನಾಲ್ಕು ಸಂಗತಿಗಳನ್ನು ಕೇಳಿ ಬರೆದುಕೊಳ್ಳಲಿ. ರೋಗಿಗೆ ಹಿಂದೆ ಯಾವ ಮದ್ದು ಒಗ್ಗಲಿಲ್ಲವೆಂಬುದನ್ನೂ ಮೊದಲೇ ತಿಳಿಸಲಿ. 108ರ ವಾಹನವು ದಾರಿಯಲ್ಲಿರುವಾಗ ಮನೆಯವರ ಕೈಯಲ್ಲಿರುವ ಆ ಚೀಟಿಯೂ ಒಂದು ಔಷಧವೇ.