ಮದುವೆ ನಮ್ಮದು, ಹೂವು ಯಾರದು?

ನಮ್ಮ ಕರಾವಳಿಯಲ್ಲಿ ಚೈತ್ರ-ವೈಶಾಖದ ಮದುವೆಗೆ ಹೋದರೆ ಮಂಟಪದ ತುಂಬ ಜರ್ಬೆರಾ, ಕಾರ್ನೇಶನ್. ಘಟ್ಟದ ಮೇಲಿನ ಪಾಲಿಹೌಸಿನಿಂದ ಪೆಟ್ಟಿಗೆಯಲ್ಲಿ ಬಂದದ್ದು. ಮೂಸಿದರೆ ಪರಿಮಳವೇ ಇಲ್ಲ ಮಾರಾಯ್ರೆ! ಬೆಳೆದವರೂ ರೈತರೇ, ಅವರ ಮೇಲೆ ತಕರಾರಿಲ್ಲ. ಆದರೆ ನಮ್ಮ ಮಲ್ಲಿಗೆ ಗಿಡ ಮೈತುಂಬ ಬಿಡುವುದೂ ಇದೇ ಬೇಸಗೆಯಲ್ಲಲ್ಲವೇ?

ಶಂಕರಪುರ ಮಲ್ಲಿಗೆಯ ಲೆಕ್ಕ ಗೊತ್ತಿದೆಯಲ್ಲ: 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಂದರೆ ಅಟ್ಟೆಗೆ 3,200 ಮೊಗ್ಗು. ಬೆಳಗಾಗುವಾಗ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಅಂದೇ ಮಾರಬೇಕು. ಬಹುಪಾಲು ಮನೆಯ ಹೆಂಗಸರ ದುಡಿಮೆ. ಮದುವೆಯ ದುಡ್ಡು ಆ ಅಂಗಳಕ್ಕೆ ಹೋಗಲಿ ಎಂಬುದು ನನ್ನ ಹಟ.

ಸುರಗಿಯನ್ನೂ ಮರೆಯಬೇಡಿ. ಚಳಿ ಮುಗಿಯುವಾಗ ಕೊಯ್ದು ಒಣಗಿಸಿಟ್ಟರೂ ಪರಿಮಳ ಹೋಗದು. ಏಪ್ರಿಲ್ ಮದುವೆಗೆ ಮಾಲೆ ತಯಾರು.

ಹಿಂಗಾರ ಮಾತ್ರ ನೋಡಿಕೊಂಡು ಇಳಿಸಿ. ಒಂದು ಹಿಂಗಾರ ಕಡಿದರೆ ಒಂದು ಗೊನೆ ಅಡಿಕೆ ಹೋಯಿತು. ಶಾಸ್ತ್ರಕ್ಕೆ ಒಂದೆರಡು ಸಾಕು, ಕಂಬ ಕಂಬಕ್ಕೆ ಕಟ್ಟುವ ಶೋಕಿ ಯಾಕೆ?

ಮುಹೂರ್ತ ನಿಶ್ಚಯವಾದ ಕೂಡಲೇ ಊರಿನ ಬೆಳೆಗಾರರಿಗೆ ಹೇಳಿ, ಮುಂಗಡ ಕೊಟ್ಟು, ದರ ಮಾತಾಡಿಕೊಳ್ಳಿ. ಮುನ್ನಾದಿನ ಪೇಟೆಗೆ ಓಡಿ "ಮಲ್ಲಿಗೆಗೆ ಇಷ್ಟು ರೇಟಾ!" ಎಂದು ಬೊಬ್ಬೆ ಹಾಕಬೇಡಿ.